ಮೊಣಕಾಲಿಗೆ ಏಳು ವಾರ

ಮೊಣಕಾಲು ಕೈಕೊಡಬಹುದಿತ್ತು. ಮೀನಖಂಡ ಸೆಟೆದುಕೊಳ್ಳಬಹುದಿತ್ತು. ಬೂಟಿನ ದಾರ ಬಿಚ್ಚಿ ಮುಗ್ಗರಿಸಬಹುದಿತ್ತು, ಮೀನಿನ ಲಾರಿಯಿಂದ ಸೋರಿದ ನೀರಿನಲ್ಲಿ ಜಾರಬಹುದಿತ್ತು, ನಾಯಿ ಅಟ್ಟಿಸಿಕೊಂಡು ಬರಬಹುದಿತ್ತು. ನಲವತ್ತೇಳರ ಈ ಎದೆ, 'ಸಾಕು ಮಾರಾಯ' ಎಂದು ನಡುರಸ್ತೆಯಲ್ಲೇ ಕೆಲಸ ನಿಲ್ಲಿಸಬಹುದಿತ್ತು. ಎಪ್ಪತ್ತರ ದಶಕದ ಕೊನೆಗೆ ನಮ್ಮ ಮಣಿಪಾಲದ ಆಫೀಸಿನವರು ಕಾಪುವಿನಿಂದ ಕಟಪಾಡಿಗೆ ಓಟದ ಸ್ಪರ್ಧೆ ಇಟ್ಟಾಗ ಇವಿಷ್ಟನ್ನೂ ನಾನು ಮೊದಲೇ ಯೋಚಿಸಿಟ್ಟಿದ್ದೆ. ಓಟದಲ್ಲಿ ಹೇಗೋ ಏನೋ, ಯೋಚಿಸುವುದರಲ್ಲಿ ನನ್ನನ್ನು ಹಿಂದೆ ಹಾಕುವವರು ಇಡೀ ಮಣಿಪಾಲದಲ್ಲಿ ಇರಲಿಲ್ಲ.

ಕಾರಣವೂ ಇತ್ತೆನ್ನಿ. ಹಿಂದಿನ ವರ್ಷದ ಸ್ಪರ್ಧೆಗೆ ಒಂದು ದಿನವೂ ಅಭ್ಯಾಸ ಮಾಡದೆ ಹೋಗಿ ನಿಂತವನು, ಸೀಟಿ ಊದಿದ ಹತ್ತನೇ ಹೆಜ್ಜೆಗೆ ಕಾಲು ಉಳುಕಿಸಿಕೊಂಡು ರಿಕ್ಷಾದಲ್ಲಿ ಮನೆಗೆ ಬಂದಿದ್ದೆ. ಅಂದಿನಿಂದ ಆಫೀಸಿನಲ್ಲಿ ನನ್ನ ಹೆಸರು 'ಬ್ಯಾಂಡೇಜು ರಾಯರು'. ಮ್ಯಾನೇಜರೂ ಒಮ್ಮೆ ಬಾಯಿತಪ್ಪಿ ಹಾಗೆಯೇ ಕರೆದ ಮೇಲೆ, ಈ ಸಲ ಓಡಿ ಮುಗಿಸಿ ಆ ಹೆಸರನ್ನು ತೊಳೆದುಕೊಳ್ಳಲೇಬೇಕೆಂದು ಹಟ ಹಿಡಿದು ಕಾರ್ಕಳಕ್ಕೆ ಹೋದೆ. ಅಲ್ಲಿ ನನ್ನ ಭಾವ, ಅಂದರೆ ಅಕ್ಕನ ಗಂಡ, ನಿವೃತ್ತ ಡ್ರಿಲ್ ಮಾಸ್ಟರು.

"ಮೊದಲ ವಾರ ನಡಿ. ಮತ್ತೆ ಸ್ವಲ್ಪ ಸ್ವಲ್ಪ ಓಡು. ವಾರಕ್ಕೆರಡು ದಿನ ಕಾಲಿಗೆ ರಜೆ ಕೊಡು. ನೋವು ಬಂದರೆ ನಿಲ್ಲಿಸು, ಪೌರುಷ ತೋರಿಸಬೇಡ," ಎಂದರು ಭಾವ. "ಮತ್ತೊಂದು ಉಂಟು. ಸ್ಪರ್ಧೆಯ ರಸ್ತೆಯಲ್ಲೇ ಅಭ್ಯಾಸ ಮಾಡು."

"ರಸ್ತೆಯಲ್ಲಿ ಲಾರಿ ಉಂಟಲ್ವಾ ಭಾವ?"

"ಸ್ಪರ್ಧೆಯ ದಿನ ಲಾರಿಗಳಿಗೆ ರಜೆಯಾ ಮಾರಾಯ?"

ಆ ಕೊನೆಯದೊಂದನ್ನು ಬಿಟ್ಟು ಎಲ್ಲವನ್ನೂ ಪಾಲಿಸಿದೆ. ಏಳು ವಾರ ಶಾಲೆಯ ಮೈದಾನದಲ್ಲೇ ಸುತ್ತಿದೆ. ಸಂಜೆ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕುಳಿತರೆ ಹೆಂಡತಿ, "ಅಡುಗೆಮನೆಯ ಬಾಗಿಲೂ ಕಿರುಗುಟ್ಟುತ್ತದೆ, ಅದಕ್ಕೂ ಒಂಚೂರು ಉಳಿಸಿ," ಎನ್ನುತ್ತಿದ್ದಳು.

ಆ ಭಾನುವಾರ ಬೆಳಿಗ್ಗೆ ಓಡಿದೆ ನೋಡಿ! ಪಾಂಗಾಳ ದಾಟಿದರೂ ಉಸಿರು ಹದವಾಗಿತ್ತು. ಉಳುಕಿಲ್ಲ, ಸೆಳೆತವಿಲ್ಲ. ನಾಯಿಯೊಂದು ಬಂದು, ನನ್ನನ್ನು ನೋಡಿ, ತಾನೇ ಪಕ್ಕಕ್ಕೆ ಸರಿಯಿತು. ನನಗಿಂತ ಚಿಕ್ಕವರು ಮೂವರು ಹಿಂದೆ ಉಳಿದರು. ಅಗೋ ಕಟಪಾಡಿಯ ಅಂಗಡಿಗಳು! ಅಗೋ, ತೀರ್ಪುಗಾರರಾಗಿ ಕೊನೆಯ ಗೆರೆಯ ಬಳಿ ಸೀಟಿ ಹಿಡಿದು ನಿಂತ ಭಾವ! ಇನ್ನು ಇನ್ನೂರು ಹೆಜ್ಜೆ.

ಆಗ ಹಿಂದಿನಿಂದ ಹಾರ್ನು ಕೇಳಿಸಿತು. ಕಾಪುವಿನಿಂದ ಆಫೀಸಿಗೆ ಹೋಗಲು ಹದಿನೆಂಟು ವರ್ಷ ದಿನಾ ಓಡಿ ಹಿಡಿದ ಬಸ್ಸು. ಕಂಡಕ್ಟರ್ ಸದಾನಂದ ಒಂದು ದಿನವೂ ನನ್ನನ್ನು ಬಿಟ್ಟು ಹೋದವನಲ್ಲ. ಓಡುತ್ತಿರುವ ನನ್ನನ್ನು ಕಂಡು ಅಂದೂ ಬಸ್ಸು ನಿಧಾನಿಸಿತು, ಫುಟ್‌ಬೋರ್ಡಿನಿಂದ ಅವನ ಕೈ ಚಾಚಿಕೊಂಡಿತು.

"ಬನ್ನಿ ರಾಯರೇ, ಬೇಗ ಬೇಗ! ಸೀಟು ಉಂಟು!"

ಬೇಡವೆನ್ನಲು ಬಾಯಿ ತೆರೆದೆ. ಕಾಲು ಅಷ್ಟು ಹೊತ್ತು ಕಾಯಲಿಲ್ಲ.

ಕಿಟಕಿಯಿಂದ ನೋಡಿದರೆ ಭಾವ ಸೀಟಿಯನ್ನು ಬಾಯಲ್ಲಿಟ್ಟುಕೊಂಡು, ಊದಬೇಕೋ ಬೇಡವೋ ತಿಳಿಯದೆ ನಿಂತಿದ್ದರು. ನನ್ನ ಎರಡು ಮೊಣಕಾಲುಗಳೂ ಸೀಟಿನಲ್ಲಿ ಕ್ಷೇಮವಾಗಿದ್ದವು. ಅಷ್ಟೆಲ್ಲ ಯೋಚಿಸಿದ್ದವನಿಗೆ, ಬಸ್ಸು ಸಿಕ್ಕೀತೆಂಬ ಯೋಚನೆ ಮಾತ್ರ ಬಂದಿರಲಿಲ್ಲ.