ದೋಹಾ ಹತ್ತಿರ, ಕುರುಗೋಡು ದೂರ!

ಅಳತೆ ಎಂದರೆ ಹುಲುಗಪ್ಪ! ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಈ ಮಹಾಶಯ ಗಿರಾಕಿಯ ಸೊಂಟವನ್ನು ಟೇಪಿಲ್ಲದೆ, ಬರೀ ಕಣ್ಣಲ್ಲೇ ಅಳೆಯುತ್ತಿದ್ದ. ಅಂಥವನಿಗೆ ಅರಬ್ಬೀ ಸಮುದ್ರ ಯಾವ ಲೆಕ್ಕ?

ಮಗನ ಜವಳ ಬಳ್ಳಾರಿಯಿಂದ ತಾಸಿನ ದಾರಿಯ ಕುರುಗೋಡಿನಲ್ಲಿ ನಿಗದಿಯಾಗಿತ್ತು. ಮೊದಲ ಕೂದಲಿಗೆ ಕತ್ತರಿ ಹಾಕಬೇಕಾದವನು ಸೋದರಮಾವ ಕರಿಬಸವ. ಅವನೋ ದೋಹಾದಲ್ಲಿ ಕ್ರೇನ್ ಓಡಿಸುತ್ತಿದ್ದ. ಮಧ್ಯಾಹ್ನದ ರಾಹುಕಾಲಕ್ಕೆ ಮುಂಚೆ ಅವನು ಬರದಿದ್ದರೆ ಜವಳ ಮುಂದಿನ ವರ್ಷಕ್ಕೆ, ಅತ್ತೆಯ ಬೈಗುಳ ಅವತ್ತಿಗೇ!

"ಭಾವನ್ನ ಟೈಮಿಗೆ ಕರ್ಕೊಂಡು ಬರೋದು ನನಗ ಬಿಡ್ರಿ!" ಎಂದು ಹುಲುಗಪ್ಪ ಎದೆ ತಟ್ಟಿಕೊಂಡ. ಮೊಬೈಲಿನಲ್ಲಿ ದೋಹಾ, ಬಳ್ಳಾರಿ ಎಂದು ಒತ್ತಿದ. ಪ್ರಯಾಣದ ಸಮಯ ನಾಲ್ಕು ತಾಸು ಎಂದು ಥಟ್ಟನೆ ಉತ್ತರ ಬಂತು.

"ಅನುಷಾ, ನಿಮ್ಮಣ್ಣ ಅವತ್ತ ನಸುಕಿನಾಗ ವಿಮಾನ ಹತ್ತಿದ್ರ ಸಾಕು, ನಾಷ್ಟಾ ಬಳ್ಳಾರ್ಯಾಗ!"

"ರೀ, ವಿಮಾನ ಇಳಿಯೋದು ಹೈದರಾಬಾದಿಗೆ. ಅಲ್ಲಿಂದ ಬಸ್ಸು?"

"ಪ್ರಯಾಣದ ಸಮಯ ಅಂತ ಬರ್ದೈತಿ. ಬಸ್ಸು, ಆಟೋ, ನಡುವ ಚಾ ಕುಡಿಯೋದು, ಎಲ್ಲಾ ಅದ್ರಾಗ ಬಂತು. ನೀ ಸುಮ್ನಿರು!"

ಅನುಷಾ ಸುಮ್ಮನಾದಳು. ಆಕೆ ಸುಮ್ಮನಾದಾಗಲೇ ಹೆದರಬೇಕೆಂಬುದು ಈ ಪುಣ್ಯಾತ್ಮನಿಗೆ ಇನ್ನೂ ಹೊಳೆದಿರಲಿಲ್ಲ.

ಜವಳದ ಹಿಂದಿನ ದಿನವೇ ತಾಯಿ-ಮಗು ಕುರುಗೋಡು ಸೇರಿದರು. ಮರುದಿನ ಬೆಳಿಗ್ಗೆ ಹುಲುಗಪ್ಪ ಮಾರುದ್ದದ ಹಾರ ಹಿಡಿದು ಬಳ್ಳಾರಿ ಬಸ್ ನಿಲ್ದಾಣದಲ್ಲಿ ಹಾಜರ್! ಮೊಬೈಲ್ ಪರದೆಯ ಮೇಲೆ ವಿಮಾನದ ಚುಕ್ಕಿ ಮೆಲ್ಲಗೆ ಸರಿಯುತ್ತಿತ್ತು.

"ನೋಡ್ರಿ ಅಜ್ಜಿ, ನಮ್ಮ ಭಾವ ಈಗ ಸಮುದ್ರದ ಮ್ಯಾಲ ಅದಾನ!" ಎಂದು ರೂಪನಗುಡಿ ಬಸ್ಸಿಗೆ ಕಾದಿದ್ದ ಮುದುಕಿಗೆ ತೋರಿಸಿದ.

"ಅಯ್ಯ ಶಿವನ, ಗಟ್ಟಿಯಾಗಿ ಹಿಡ್ಕಂಡು ಕುಂದ್ರು ಅನ್ನಪ್ಪ!"

ಅಷ್ಟರಲ್ಲಿ ಅನುಷಾಳ ಕರೆ ಬಂದು ಚುಕ್ಕಿ ಮರೆಯಾಯಿತು. ಕಟ್ ಮಾಡಿದ. ಮತ್ತೆ ಬಂತು. ಮತ್ತೆ ಕಟ್! ಚುಕ್ಕಿ ಹೈದರಾಬಾದ್ ಮುಟ್ಟಿದಾಗ ಹುಲುಗಪ್ಪ ಶಿಳ್ಳೆಯನ್ನೇ ಹೊಡೆದ. ಆ ಶಿಳ್ಳೆ ಮುಗಿಯುವ ಮೊದಲೇ ಬ್ಯಾಟರಿ ಸತ್ತಿತು.

ಬಸ್ಸುಗಳು ಬಂದವು, ಹೋದವು. ಭಾವನ ಸುಳಿವಿಲ್ಲ. ಬಿಸಿಲಿಗೆ ಹಾರ ಬಾಡಿತು, ಮೋರೆಯೂ ಬಾಡಿತು. ಕೊನೆಗೆ ಅತ್ತೆಯ ಕಾಲಿಗೆ ಬೀಳುವುದೊಂದೇ ದಾರಿ ಎಂದುಕೊಂಡು ಒಬ್ಬನೇ ಕುರುಗೋಡಿನ ಬಸ್ಸು ಹತ್ತಿದ.

ಹೋಗಿ ನೋಡಿದರೆ ಊಟದ ಎರಡನೇ ಪಂಕ್ತಿ ನಡೆದಿದೆ! ಕರಿಬಸವ ಹೋಳಿಗೆ ಮುರಿಯುತ್ತಿದ್ದಾನೆ. ಅವನ ತೊಡೆಯ ಮೇಲೆ ಬೋಳುತಲೆಯ ಮಗ!

"ಭಾವಾ, ನೀ ವಿಮಾನದಾಗ ಇರ್ಲಿಲ್ಲೇನು?"

"ಒಂದಿನ ಮೊದ್ಲ ಹೊರಡು ಅಂತ ತಂಗಿ ಹೇಳಿದ್ಳು. ನಿನ್ನೆ ಸಂಜಿಗೇ ಸಿರುಗುಪ್ಪದ ನಮ್ಮ ಮನಿಗೆ ಬಂದಿದ್ನಿ, ಮುಂಜಾನಿ ಅಲ್ಲಿಂದ ಸೀದಾ ಇಲ್ಲಿಗೆ."

"ಅದನ್ನ ಹೇಳಾಕಂತನ ಮುಂಜಾನಿಂದ ಫೋನ್ ಹಚ್ಚಿದ್ನಿ" ಎಂದಳು ಅನುಷಾ. ಮಗನನ್ನೆತ್ತಿ ಗಂಡನ ಕೈಗಿಟ್ಟಳು.

"ದೋಹಾದಿಂದ ಮಾವ ಬಂದ, ಬಳ್ಳಾರಿಯಿಂದ ಅಪ್ಪನೇ ಬರ್ಲಿಲ್ಲ! ಕುರುಗೋಡಿಗೆ ಎಷ್ಟು ತಾಸು ಅಂತ ಒತ್ತಿ ನೋಡ್ಲಿಲ್ಲೇನ್ರಿ?"