ಷಡಕ್ಷರಿಯವರ ಟಿವಿ ಇಲ್ಲದ ಮನೆ

ಷಡಕ್ಷರಿಯವರನ್ನು ಕೆಡಿಸಿದ್ದು ಟಿವಿಯಲ್ಲ, ಮೈಕು. ಹೆಬ್ಬೂರು ಕಡೆಯ ಮಠದ ಸಭೆಯಲ್ಲಿ ಅದು ಕೈಗೆ ಸಿಕ್ಕಿದ್ದೇ ತಡ, "ನಮ್ಮ ಮನೆಯಲ್ಲಿ ಟಿವಿ ಎಂಬ ಮಾಯಾಪೆಟ್ಟಿಗೆಯೇ ಇಲ್ಲ!" ಎಂದು ಗುಡುಗಿಬಿಟ್ಟಿದ್ದರು. (ಸುಳ್ಳೇನಲ್ಲ. ಆ ವಾರ ಅದು ರಿಪೇರಿಗೆ ಹೋಗಿತ್ತು.) ಸ್ವಾಮಿಗಳು ಎಷ್ಟು ಮೆಚ್ಚಿದರೆಂದರೆ, ಹನ್ನೆರಡು ವರ್ಷ ಕರೆದರೂ ಬಾರದವರು ತುಮಕೂರಿನ ಉಪ್ಪಾರಹಳ್ಳಿಯ ಮನೆಗೆ ಪಾದಪೂಜೆಗೆ ಬರಲು ಒಪ್ಪಿದರು.

ಅಷ್ಟರಲ್ಲಿ ರಿಪೇರಿಯವನು ಕೈಚೆಲ್ಲಿದ. ಹೆಂಡತಿ ಶಕುಂತಲಮ್ಮ ಷಡಕ್ಷರಿಯವರನ್ನು ಶೋರೂಮಿಗೆ ಎಳೆದೊಯ್ದು, ಐವತ್ತೈದು ಇಂಚಿನ ಟಿವಿಯ ಮುಂದೆ ಬೇರುಬಿಟ್ಟು ನಿಂತರು.

"ಚಿಕ್ಕದು ಸಾಕು ಕಣೇ, ಬಚ್ಚಿಡೋಕೆ ಸುಲಭ."

"ಬಚ್ಚಿಡೋಕಾ ತಗೊಳ್ತಿರೋದು? ನೋಡೋಕೆ ಕಣ್ರೀ! ಆಡಿದ್ದು ನೀವು, ಅನುಭವಿಸೋದು ನಾನಾ?"

ದೊಡ್ಡದೇ ಬಂತು. ಅದನ್ನು ಮುಚ್ಚುವ ಬೀರು ಮಾಡಿಕೊಡಲು ಅಂತರಸನಹಳ್ಳಿಯ ಬಡಗಿ ಗಂಗರಾಜು ಒಪ್ಪಿದ. ಪಾಪ, ಅವನು ಜನ್ಮವಿಡೀ ಮಾಡಿದ್ದು ದೇವರ ಮನೆಯ ಬಾಗಿಲುಗಳನ್ನೇ. ಬೀರುವಿಗೂ ಕಮಲ ಕೆತ್ತಿ, ಎರಡು ಸಾಲು ಹಿತ್ತಾಳೆ ಗಂಟೆ ತೂಗುಹಾಕಿದ.

"ಗಂಟೆ ಯಾಕಪ್ಪಾ ಇದಕ್ಕೆ?"

"ಗಂಟೆ ಇಲ್ದಿದ್ರೆ ಬಾಗ್ಲು ಬೋಳುಬೋಳಾಗಿ ಕಾಣ್ತದೆ, ಬುಡಿ ಸಾರ್."

ಪಾದಪೂಜೆ ಸಾಂಗವಾಗಿ ನಡೆಯಿತು. ಸ್ವಾಮಿಗಳ ದೃಷ್ಟಿ ಬೀರುವಿನ ಮೇಲೆ ಬಿತ್ತು. "ದೇವರ ಮನೆ ಬಹಳ ಲಕ್ಷಣವಾಗಿದೆ" ಎನ್ನುತ್ತ ಎದ್ದು, ಬಾಗಿಲಿಗೆ ವಿಭೂತಿ ಹಚ್ಚಿ, ತಮ್ಮ ಕೊರಳ ಹಾರವನ್ನೇ ಅದಕ್ಕೆ ಹಾಕಿದರು. ನೆರೆದವರೆಲ್ಲ ಐವತ್ತೈದು ಇಂಚಿಗೂ ಅಡ್ಡಬಿದ್ದರು. ಷಡಕ್ಷರಿಯವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. "ಎಲ್ಲಾ ತಮ್ಮ ಆಶೀರ್ವಾದ ಬುದ್ಧೀ" ಎಂದರು.

ಅಷ್ಟು ಹೊತ್ತಿಗೆ ಸ್ವಾಮಿಗಳ ಜೊತೆ ಬಂದಿದ್ದ ಚನ್ನೇಶ್ ಮೊಬೈಲು ನೋಡಿ ಕೂಗಿದ. "ಬುದ್ಧೀ, ತಮ್ಮ ಪ್ರವಚನ ಈಗ್ಲೇ ಟಿವೀಲಿ ಬರ್ತೈತಂತೆ!"

ಸ್ವಾಮಿಗಳ ಮುಖ ಮಗುವಿನಂತೆ ಅರಳಿತು. ತಮ್ಮನ್ನು ತಾವು ಅವರು ಎಂದೂ ಟಿವಿಯಲ್ಲಿ ನೋಡಿರಲಿಲ್ಲ. ಮರುಕ್ಷಣವೇ ನೆನಪಾಗಿ, "ಛೆ, ನಿಮ್ಮಲ್ಲಿ ಅದಿಲ್ಲವಲ್ಲ" ಎಂದು ಪೆಚ್ಚಾದರು.

ಷಡಕ್ಷರಿಯವರ ಕೈ ಬೀರುವಿನ ಬಾಗಿಲ ಕಡೆ ಅರ್ಧ ಎದ್ದಿತು. ಆದರೆ ಅದರ ಮೇಲೆ ಗುರುಗಳ ಹಾರ, ಸುತ್ತ ಊರ ಜನ. ಕೈ ಇಳಿಯಿತು.

"ನಮ್ಮನೇಲಿದೆ ಬುದ್ಧೀ, ದಯಮಾಡಿಸ್ಬೇಕು!" ಎಂದು ಪಕ್ಕದ ಮನೆಯ ಪ್ರಭುದೇವ ಮುಂದೆ ನುಗ್ಗಿದ. ಸ್ವಾಮಿಗಳು ಹೊರಟರು, ಹಿಂದೆ ಭಕ್ತರು, ಅವರ ಹಿಂದೆ ಪ್ರಸಾದದ ಪಾತ್ರೆಗಳು. ಹನ್ನೆರಡು ವರ್ಷ ಕಾದು ಬರಮಾಡಿಕೊಂಡ ಗುರುಗಳು ಮುಕ್ಕಾಲು ಗಂಟೆಯೊಳಗೇ ಕಾಂಪೌಂಡ್ ದಾಟಿದ್ದನ್ನು ಕಂಡು ಷಡಕ್ಷರಿಯವರಿಗೆ ನಿಜಕ್ಕೂ ಅಳು ಬಂತು.

ಪ್ರಭುದೇವನ ನಡುಮನೆಯಲ್ಲಿ ಅವರಿಗೆ ಸಿಕ್ಕಿದ್ದು ಚಪ್ಪಲಿಗಳ ಪಕ್ಕದ ಜಾಗ. ಅಂಗೈಯಗಲದ ಹಳೇ ಟಿವಿಯಲ್ಲಿ ಸ್ವಾಮಿಗಳು ಹೇಳುತ್ತಿದ್ದರು: "ತುಮಕೂರಿನ ನಮ್ಮ ಷಡಕ್ಷರಿಯವರನ್ನೇ ನೋಡಿ. ಈ ಕಾಲದಲ್ಲೂ ಮನೆಗೆ ಟಿವಿ ಸೇರಿಸಿಲ್ಲ. ನುಡಿದಂತೆ ನಡೆಯುವವರು!"

ಎಲ್ಲರೂ ಷಡಕ್ಷರಿಯವರತ್ತ ತಿರುಗಿ ಚಪ್ಪಾಳೆ ತಟ್ಟಿದರು. ಅವರು ಎದ್ದುನಿಂತು ಕೈಮುಗಿದರು.

ಶಕುಂತಲಮ್ಮ ಕಿವಿಯ ಬಳಿ ಬಗ್ಗಿದರು. "ಚೆನ್ನಾಗಿ ಮುಗೀರಿ. ಇನ್ನು ಈ ಜನ್ಮದಲ್ಲಿ ಆ ಬಾಗ್ಲು ತೆಗೆಯೋ ಹಾಗಿಲ್ಲ. ನಾಳೆಯಿಂದ ನನ್ನ ಸೀರಿಯಲ್ಲು ಇಲ್ಲೇ. ಪ್ರಭುದೇವ್ರನ್ನ ಕೇಳಿ ಆಯ್ತು."

ಮುಗಿದ ಕೈ ಇಳಿಸದೆ ಷಡಕ್ಷರಿಯವರು ಮೆಲ್ಲಗೆ ಕೇಳಿದರು: "ಕ್ರಿಕೆಟ್ಟೂ ಹಾಕ್ತಾರಂತಾ?"