ಟ್ರಾಕ್ಟರಿಗೆ ಮೈ ಬಿಸಿ

"ಈ ಮಿಷಿನ್ನ ನಾನೇ ಸರಿ ಮಾಡ್ತೀನಿ. ಮೈಸೂರಿಂದ ಯಾವನೂ ಬರದು ಬ್ಯಾಡ."

ಕಿರಂಗೂರಿನ ನಿಂಗರಾಜು ನಡುಮನೆಯಲ್ಲಿ ನಿಂತು ಹೀಗೆಂದು ಘೋಷಿಸಿದಾಗ ಕೇಳಲು ಇದ್ದವರು ಇಬ್ಬರೇ. ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅವ್ವ ಸೋಮಮ್ಮ ತಲೆ ಎತ್ತಲಿಲ್ಲ. ಗೋಡೆಗೆ ಒರಗಿ ಕೂತಿದ್ದ ಹೆಂಡತಿ ಪ್ರಮೀಳಾ ಕಣ್ಣು ತೆರೆಯಲಿಲ್ಲ. ಇಂಥ ಘೋಷಣೆಗಳು ಆ ಮನೆಗೆ ಹೊಸವೇನಲ್ಲ.

ಮಿಷಿನ್ನು ಎಂದರೆ ಹುಲ್ಲುಹಾಸು ಕತ್ತರಿಸುವ ಬ್ಯಾಟರಿಯ ಪುಟ್ಟ ಟ್ರಾಕ್ಟರು. ಮೇಲೆ ಕೂತು ರಾಜನ ಹಾಗೆ ಓಡಿಸಬಹುದು. ಚಕ್ರಕ್ಕೊಂದು ಮೋಟರು, ಅಡಿಯ ಬ್ಲೇಡಿಗೊಂದು ಮೋಟರು. ರಸ್ತೆ ಬದಿಯ ಅರ್ಧ ಎಕರೆಯಲ್ಲಿ ಮೊದಲು ಪ್ರಮೀಳಾ ತನ್ನ ಎರಡು ಹಸುಗಳಿಗೆ ಮೇವು ಬೆಳೆಯುತ್ತಿದ್ದಳು. ಈಗಿನ ಜನ ರಿಸೆಪ್ಷನ್ನಿಗೆ ಛತ್ರ ಕೇಳುವುದಿಲ್ಲ, ಲಾನು ಕೇಳುತ್ತಾರೆ ಎಂಬ ಜ್ಞಾನೋದಯ ನಿಂಗರಾಜುವಿಗೆ ಆದದ್ದೇ ತಡ, ಹಸುಗಳು ಸಿಂಧಘಟ್ಟದ ಬಾಮೈದನ ಕೊಟ್ಟಿಗೆ ಸೇರಿದವು. ಗೇಟಿನ ಮೇಲೆ 'ಪ್ರಮೀಳಾ ಪಾರ್ಟಿ ಲಾನ್' ಎಂಬ ಬೋರ್ಡು ಏರಿತು. ಹಸು ಕಳೆದುಕೊಂಡವಳಿಗೆ ಬೋರ್ಡಿನಲ್ಲಿ ಹೆಸರು! ಇದಕ್ಕಿಂತ ಹೆಚ್ಚಿನ ಗೌರವ ಯಾವ ಗಂಡ ಕೊಟ್ಟಾನು ಎಂದು ಅವನು ಇವತ್ತಿಗೂ ನಂಬಿದ್ದಾನೆ.

ಮಿಷಿನ್ನು ಬಂದ ದಿನವೇ ಅದಕ್ಕೊಂದು ಗವಸು ಹೊಲಿಸಿದ. ನಮ್ಮಲ್ಲಿ ಫ್ರಿಜ್ಜಿಗೆ ಗವಸು, ಮಿಕ್ಸಿಗೆ ಗವಸು, ಟೀವಿಗೆ ಗವಸು. ಇಷ್ಟು ದೊಡ್ಡ ಸಾಮಾನು ಬರಿ ಮೈಯಲ್ಲಿರಲು ಸಾಧ್ಯವೆ? ಪಟ್ಟಣದಲ್ಲಿ ಆಟೋ ಸೀಟು ಹೊಲಿಯುವವನ ಕೈಯಲ್ಲಿ ಮಂದವಾದ ಕೆಂಪು ರೆಕ್ಸಿನ್ ಹೊಲಿಸಿ, ಚಕ್ರ, ಸೀಟು, ಸ್ಟೇರಿಂಗು ಮಾತ್ರ ಕಾಣುವಂತೆ ಬಿಗಿಯಾಗಿ ಗುಂಡಿ ಹಾಕಿಸಿದ. ಬೆನ್ನ ಮೇಲೆ ದಪ್ಪ ಅಕ್ಷರದಲ್ಲಿ 'ಪ್ರಮೀಳಾ' ಎಂದು ಬರೆಸಿದ.

ಭಾನುವಾರ ಲಾನಿನ ಮೊಟ್ಟಮೊದಲ ರಿಸೆಪ್ಷನ್ನು. ಕೆ.ಆರ್. ಪೇಟೆಯ ಮದುವೆ ಮನೆಯವರದು. ಹುಲ್ಲು ಮೊಣಕಾಲಿಗೆ ಬಂದಿದೆ. ಟ್ರಾಕ್ಟರು ಎರಡು ಸುತ್ತು ಹಾಕುವಷ್ಟರಲ್ಲಿ ಕೆಂಪು ಲೈಟು ಹತ್ತಿ ನಿಂತುಬಿಡುತ್ತದೆ. ಮೋಟರು ಮುಟ್ಟಿದರೆ ರೊಟ್ಟಿಯ ಹೆಂಚು.

ಘೋಷಣೆ ಮುಗಿಸಿ ಹೊರಟವನನ್ನು ಅವ್ವ ತಡೆದಳು. "ಲೋ ನಿಂಗ, ಪ್ರಮೀಳಂಗೆ ರಾತ್ರಿಯಿಂದ ಮೈ ಸುಡ್ತಾ ಅದೆ ಕಣ್ಲಾ. ಡಾಕ್ಟ್ರುತವು ಕರ್ಕಂಡೋಗು."

"ಮಾತ್ರೆ ಅದಲ್ಲ, ಕೊಡವ್ವ. ನಂಗಿಲ್ಲಿ ಮೋಟರು ಸುಡ್ತಾ ಅದೆ."

ಚಿಕಿತ್ಸೆ ಶುರುವಾಯಿತು. ಫೋನಿನ ವಿಡಿಯೋದಲ್ಲಿ ಯಾರೋ ಹಿಂದಿಯಲ್ಲಿ ಹೇಳಿದ್ದನ್ನು ಅರ್ಧಂಬರ್ಧ ತಿಳಿದು, ಬ್ಲೇಡಿಗೆ ಸುತ್ತಿಕೊಂಡಿದ್ದ ಹುಲ್ಲನ್ನು ಮಂಕರಿ ತುಂಬಾ ಕಿತ್ತ. ಕೆಂಪು ಲೈಟು ಹತ್ತಿತು. ಬ್ಲೇಡು ಮಸೆದ, ಎಷ್ಟು ಚೆನ್ನಾಗಿ ಮಸೆದನೆಂದರೆ ಮೊದಲು ಕೊಯ್ದದ್ದು ತನ್ನ ಹೆಬ್ಬೆರಳನ್ನೇ. ಲೈಟು ಹತ್ತಿತು. ಆಮೇಲೆ ಹ್ಯಾಂಡ್ ಬ್ರೇಕು ಅರ್ಧ ಹಿಡಿದುಕೊಂಡಿದೆ ಎಂಬ ಮಹಾಸತ್ಯ ಹೊಳೆದು, ಕೆಳಗೆ ನಿಂತೇ ಅದನ್ನು ಪೂರ್ತಿ ಸಡಿಲಿಸಿದ. ಟ್ರಾಕ್ಟರು ಇಳಿಜಾರಿನಲ್ಲಿ ಸದ್ದಿಲ್ಲದೆ ಹೊರಟು ಗೇಟಿನ ಕಂಬಕ್ಕೆ ಗುದ್ದಿತು. ಬೋರ್ಡಿನಿಂದ 'ಪ್ರಮೀಳಾ' ಕಳಚಿ ಚರಂಡಿಗೆ ಬಿತ್ತು. 'ಪಾರ್ಟಿ ಲಾನ್' ಗಟ್ಟಿಯಾಗಿ ಉಳಿಯಿತು. ಸದ್ಯ ಮಿಷಿನ್ನಿಗೆ ಏನೂ ಆಗಲಿಲ್ಲವಲ್ಲ ಎಂದು ಅವನು ದೇವರಿಗೆ ಕೈ ಮುಗಿದ.

ಶನಿವಾರ ಬಂತು. ಪೆಂಡಾಲಿನವರು ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಬಿಸಿಯಾದದ್ದನ್ನು ತಣ್ಣಗೆ ಮಾಡಿದರೆ ಮುಗಿಯಿತು, ಕಾರಣ ಯಾರಿಗೆ ಬೇಕು ಎಂಬ ತೀರ್ಮಾನಕ್ಕೆ ನಿಂಗರಾಜು ಬಂದ. ಒಳಗೆ ಹೋಗಿ ಬಟ್ಟೆ ಹುಡುಕಿದ. ಮಂಚದ ಪಕ್ಕದ ಬೋಗುಣಿಯಲ್ಲಿ ನೀರಲ್ಲಿ ಅದ್ದಿದ ಟವೆಲು ಸಿದ್ಧವಾಗಿ ಸಿಕ್ಕಿತು, ಹಿಂಡಿಕೊಂಡು ಹೋದ. ಅದನ್ನು ಪ್ರಮೀಳಾಳ ಹಣೆಗೆ ಹಾಕಲೆಂದು ಅವ್ವ ಅದ್ದಿಟ್ಟಿದ್ದಳು. ಮತ್ತೆ ಬಂದು, ಕಂಬಳಿ ಹೊದ್ದು ಮಲಗಿದ್ದವಳ ತಲೆದೆಸೆಯಲ್ಲಿ ತಿರುಗುತ್ತಿದ್ದ ಟೇಬಲ್ ಫ್ಯಾನನ್ನೂ ಎತ್ತಿಕೊಂಡ. "ವಸಿ ಹೊತ್ತು, ತಂದ್ಕೊಟ್‌ಬುಡ್ತೀನಿ," ಎಂದ. ಅವಳು ಏನೋ ಹೇಳಿದಳು. ವೈರು ಸುತ್ತುವ ಗಡಿಬಿಡಿಯಲ್ಲಿ ಅವನಿಗೆ ಅದು ಬೇಕಾಗಿರಲಿಲ್ಲ.

ಲಾನಿನಲ್ಲಿ ಟ್ರಾಕ್ಟರಿಗೆ ಕೊಡೆ ಬಿಚ್ಚಿ ನೆರಳು ಮಾಡಿದ. ಬೆನ್ನಿಗೆ ಒದ್ದೆ ಟವೆಲು ಹೊದಿಸಿ ಫ್ಯಾನು ತಿರುಗಿಸಿದ. ಕುಕ್ಕರಗಾಲಲ್ಲಿ ಕೂತು, ಗವಸಿನ ಅಡಿಯಿಂದ ಕೈ ತೂರಿಸಿ, ಮಗುವಿನ ಹಣೆ ನೋಡುವ ಹಾಗೆ ಮೋಟರನ್ನು ಮುಟ್ಟಿ ಮುಟ್ಟಿ ನೋಡಿದ. ಹೆಂಚು ಹೆಂಚಾಗಿಯೇ ಇತ್ತು.

ಕಂಬಳಿ ಹೊದ್ದ ಪ್ರಮೀಳಾ ಬೇಲಿ ಹಿಡಿದುಕೊಂಡು ಮೆಲ್ಲಗೆ ಬಂದಳು. ಬಂದದ್ದು ಫ್ಯಾನಿಗಾಗಿ. ಬಗ್ಗಿ ವೈರು ಕಿತ್ತವಳು ಹಾಗೇ ನಿಂತು ನೋಡಿದಳು. ಟವೆಲು ಎಳೆದು, ಹಿಂದಿನ ಗುಂಡಿಗಳನ್ನು ಪಟಪಟ ಬಿಚ್ಚಿ ಗವಸು ಸರಿಸಿದಳು. ಅದರಡಿ ಗಾಳಿಗೆಂದು ಕೊಟ್ಟಿದ್ದ ಸೀಳು ಕಿಂಡಿಗಳು ಸಾಲಾಗಿ, ಒಣಹುಲ್ಲು ದೂಳು ಮೆತ್ತಿಕೊಂಡು ಉಸಿರುಕಟ್ಟಿ ಕೂತಿದ್ದವು.

"ಗಾಳಿ ಹೋಗೋ ಕಿಂಡಿ ಮುಚ್ಚಿ ಅದ್ರ ಮ್ಯಾಲೆ ನನ್ನೆಸ್ರು ಬರ್ಸಿದ್ದೀರಲ್ಲ. ಅದು ಬಿಸಿಯಾಗ್ದೆ ಇನ್ನೇನು ಮಾಡದು?"

ನಿಂಗರಾಜುವಿಗೆ ಸ್ವರ್ಗ ಮೂರೇ ಗೇಣು. ಕಿಂಡಿ ಒರೆಸಿ, ಮೋಟರು ಆರುವ ತನಕ ಕಾದು, ಏರಿ ಕೂತು ಇಡೀ ಲಾನು ಕತ್ತರಿಸಿದ. ಒಂದು ಸಲವೂ ಲೈಟು ಹತ್ತಲಿಲ್ಲ. ಅಷ್ಟು ಹೊತ್ತೂ ಪ್ರಮೀಳಾ ಬಿಸಿಲಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಳು. ಫ್ಯಾನು ಎತ್ತಿಕೊಂಡು ಮನೆಯವರೆಗೆ ನಡೆಯಲು ಅವಳ ಕೈಯಲ್ಲಿ ಆಗಿರಲಿಲ್ಲ. ಅವನು ಇಳಿದು ಬಂದು ಮೋಟರಿನ ಮೇಲೆ ಕೈಯಿಟ್ಟ.

"ನೋಡು ಬಾರೆ, ಬೆಚ್ಚಗೂ ಆಗಿಲ್ಲ. ನಾನೇ ಸರಿ ಮಾಡ್ತೀನಿ ಅಂದಿರ್ನಿಲ್ವ?"

ಪ್ರಮೀಳಾ ಎದ್ದು ಬಂದು ಆ ಕೈಯನ್ನು ಹಿಡಿದು ತನ್ನ ಹಣೆಗೆ ಇಟ್ಟುಕೊಂಡಳು. ಅವನು ಬೆಂಕಿ ಮುಟ್ಟಿದವನಂತೆ ಕೈ ಕಿತ್ತುಕೊಂಡ.

"ನಂಗೆ ಕೆಂಪು ಲೈಟಿಲ್ಲ ನೋಡಿ," ಎಂದಳು ಅವಳು. "ಅದ್ಕೇ ನಿಮ್ಗೆ ಗೊತ್ತಾಗ್ನಿಲ್ಲ."